ಎರೆ ಮಣ್ಣಿನ ಹಿತ್ತಲಲ್ಲಿ ಗುಲಾಬಿ: ಮೊದಲು ಮಡಿ ಎತ್ತರಿಸಿ, ಆಮೇಲೆ ಗಿಡ ತನ್ನಿ

ನರ್ಸರಿಯಲ್ಲಿ ಮೊಗ್ಗು ತುಂಬಿ ನಿಂತಿದ್ದ ಗುಲಾಬಿ ಕಂಟಿಯನ್ನು ಹುಬ್ಬಳ್ಳಿಯಿಂದ ತಂದು ಹಿತ್ತಲಲ್ಲಿ ಹಚ್ಚುತ್ತೀರಿ. ತಂದಾಗ ಇದ್ದ ಮೊಗ್ಗುಗಳು ಅರಳುತ್ತವೆ. ಆಮೇಲೆ ಬರುವ ಚಿಗುರು ಹಳದಿಯಾಗಿಯೇ ಹುಟ್ಟುತ್ತದೆ. ಶ್ರಾವಣ ಮುಗಿಯುವಷ್ಟರಲ್ಲಿ ಕೆಳಗಿನ ಎಲೆ ಉದುರಿರುತ್ತವೆ, ದೀಪಾವಳಿಗೆ ಮುಳ್ಳಿನ ಕಡ್ಡಿ ಮಾತ್ರ ಉಳಿದಿರುತ್ತದೆ. ಗೊಬ್ಬರ ಹಾಕಿದ್ದಾಯಿತು, ನೀರು ಬಿಟ್ಟಿದ್ದಾಯಿತು, ಔಷಧ ಹೊಡೆದದ್ದೂ ಆಯಿತು. ಮರುವರ್ಷ ಮತ್ತೊಂದು ಗಿಡ ತಂದರೂ ಇದೇ ಕಥೆ.

ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿ, ಕಿರೇಸೂರು, ಹೆಬಸೂರು, ಇಂಗಳಹಳ್ಳಿ, ಆಚೆ ಅಣ್ಣಿಗೇರಿ, ನವಲಗುಂದದ ಮನೆಗಳಲ್ಲಿ ಈ ದೂರು ಸಾಮಾನ್ಯ. ‘ನಮ್ಮ ಕೈಗುಣಕ್ಕೆ ಗುಲಾಬಿ ಒಗ್ಗೋದಿಲ್ಲ’ ಎಂದು ಕೈಬಿಟ್ಟವರೂ ಇದ್ದಾರೆ. ಕೈಗುಣದಲ್ಲಿ ದೋಷವಿಲ್ಲ. ಹತ್ತಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳವನ್ನು ಭರ್ಜರಿಯಾಗಿ ಬೆಳೆಯುವ ಈ ಎರೆ ಮಣ್ಣು ಗುಲಾಬಿಯ ಬೇರಿಗೆ ಒಗ್ಗುವುದಿಲ್ಲ, ಅಷ್ಟೇ. ಅದರ ಮೇಲೆ, ಗುಲಾಬಿ ಸಾಕುವ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಕೆಂಪು ಮಣ್ಣಿನವರು ಕೆಂಪು ಮಣ್ಣಿನವರಿಗಾಗಿ ಹೇಳಿದ್ದು. ಶಿರಸಿಯ ಅಂಗಳದಲ್ಲಿ ಗಿಡಕ್ಕೆ ಬಲ ಕೊಡುವ ಒಲೆ ಬೂದಿ ಶಿರಗುಪ್ಪಿಯಲ್ಲಿ ಅದೇ ಗಿಡವನ್ನು ಹಳದಿಗೆ ತಿರುಗಿಸುತ್ತದೆ. ಆದ್ದರಿಂದ ಗಿಡ ಕೊಳ್ಳುವ ಮೊದಲು ಮಣ್ಣಿನ ವ್ಯವಹಾರ ತಿಳಿದುಕೊಳ್ಳಿ.

ಎರೆ ಮಣ್ಣು ಗುಲಾಬಿಗೆ ಯಾಕೆ ಒಗ್ಗದು?

ಮೂರು ಕಾರಣಗಳಿವೆ. ಮೂರನ್ನೂ ಅರಿತರೆ ಮುಂದೆ ಹೇಳುವ ಪ್ರತಿಯೊಂದು ಕೆಲಸದ ಉದ್ದೇಶ ತಾನಾಗಿ ತಿಳಿಯುತ್ತದೆ.

ಮೊದಲನೆಯದು, ಬೇರಿಗೆ ಗಾಳಿ ಸಿಗದಿರುವುದು. ಎರೆ ಮಣ್ಣಿನ ಕಣಗಳು ಬಹಳ ನುಣುಪು, ನೀರು ಕುಡಿದರೆ ಉಬ್ಬುತ್ತವೆ. ಉಬ್ಬಿದಾಗ ಕಣಗಳ ನಡುವಿನ ಸಂದು ಮುಚ್ಚಿ ನೀರು ಕೆಳಗೆ ಇಳಿಯದೆ ನಿಲ್ಲುತ್ತದೆ. ಗುಲಾಬಿಯ ಬೇರಿಗೆ ನೀರಿನಷ್ಟೇ ಉಸಿರಾಟವೂ ಬೇಕು. ಮುಂಗಾರಿನಲ್ಲಿ ಕೆಲವು ದಿನ ಬಿಡದೆ ಮಳೆ ಹಿಡಿದರೆ ಬೇರು ಕೊಳೆಯಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಇದರ ತಿರುವುಮುರುವು: ಅದೇ ಮಣ್ಣು ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಎಳೆಬೇರುಗಳು ಹರಿಯುತ್ತವೆ, ಉಳಿದವು ಬಿರುಕಿನ ಬಿಸಿಗಾಳಿಗೆ ಒಣಗುತ್ತವೆ.

ಎರಡನೆಯದು ಸುಣ್ಣ. ಹೊಲ ಅಗೆಯುವಾಗ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ನೀವು ನೋಡಿರುತ್ತೀರಿ. ಇಂಥ ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಚೆ ಇರುತ್ತದೆ. ಗುಲಾಬಿ ಬಯಸುವುದು 6ರಿಂದ 7ರ ಒಳಗೆ. ಕಬ್ಬಿಣದ ಅಂಶ ಎರೆಯಲ್ಲೂ ಸಾಕಷ್ಟಿದೆ, ಆದರೆ ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಅದು ನೀರಿನಲ್ಲಿ ಕರಗದೆ ಬೇರಿಗೆ ದಕ್ಕುವುದಿಲ್ಲ. ಕಬ್ಬಿಣ ಸಿಗದೆ ಹೋದರೆ ಎಲೆಯಲ್ಲಿ ಹಸಿರು ಕಟ್ಟುವುದಿಲ್ಲ. ಚಿಗುರು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಕಾಣುವುದು ಇದೇ ಕಾರಣಕ್ಕೆ. ಮಣ್ಣಿನಲ್ಲಿ ನೀರು ನಿಂತರೆ ಈ ಕೊರತೆ ಮತ್ತಷ್ಟು ಹೆಚ್ಚುವುದರಿಂದ ಮಳೆಗಾಲದಲ್ಲಿ ಹಳದಿ ಜೋರಾಗುತ್ತದೆ.

ಮೂರನೆಯದು ನಾವೇ ತೋಡುವ ಗುಂಡಿ. ನರ್ಸರಿ ಗಿಡ ಸಾಮಾನ್ಯವಾಗಿ ಕೆಂಪು ಮಣ್ಣಿನ ಉಂಡೆಯೊಂದಿಗೆ ಬರುತ್ತದೆ. ಎರೆಯಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಆ ಉಂಡೆ ಇಟ್ಟರೆ ಸುತ್ತಲಿನ ನೀರೆಲ್ಲ ಸಡಿಲ ಮಣ್ಣಿನ ಗುಂಡಿಗೆ ಹರಿದುಬಂದು ಅಲ್ಲೇ ಉಳಿಯುತ್ತದೆ, ತಳದಲ್ಲಿ ಇಳಿಯುವ ದಾರಿಯಿಲ್ಲ. ಗುಂಡಿ ದೊಡ್ಡದಾದಷ್ಟೂ ಅದು ನೀರು ತುಂಬಿದ ಹಂಡೆಯಾಗುತ್ತದೆ. ‘ಎರಡಡಿ ಆಳ, ಎರಡಡಿ ಅಗಲ ಗುಂಡಿ’ ಎಂಬ ಸಲಹೆ ಕೆಂಪು ಮಣ್ಣಿಗೆ ಸರಿ, ಎರೆಗೆ ಅದೇ ಕುತ್ತು.

ಮೂರಕ್ಕೂ ಪರಿಹಾರ ಒಂದೇ: ಗುಲಾಬಿಯನ್ನು ಎರೆಯ ಒಳಗೆ ಇಳಿಸದೆ, ಎರೆಯ ಮೇಲೆ ಎತ್ತರದ ಮಡಿಯಲ್ಲಿ ಮಸಾರಿ (ಕೆಂಪು) ಮಣ್ಣು ತುಂಬಿ ಬೆಳೆಸುವುದು.

ಯಾವ ಗುಲಾಬಿ ತರಬೇಕು?

ಇಂದಿನ ದೊಡ್ಡ ಹೂವಿನ ಗುಲಾಬಿಗಳನ್ನು ಹೈಬ್ರಿಡ್ ಟೀ ಎನ್ನುತ್ತಾರೆ. ಚೀನಾದ ಮರುಹೂವಿನ ಗುಲಾಬಿಗಳು ಯುರೋಪಿನ ತಳಿಗಳೊಂದಿಗೆ ಬೆರೆತು ಹುಟ್ಟಿದ ಬಳಗವಿದು. 1867ರಲ್ಲಿ ಫ್ರಾನ್ಸಿನಲ್ಲಿ ಬಂದ ‘ಲಾ ಫ್ರಾನ್ಸ್’ ತಳಿಯನ್ನು ಈ ಬಳಗದ ಮೊದಲನೆಯದೆಂದು ಎಣಿಸುತ್ತಾರೆ. ವರ್ಷದಲ್ಲಿ ಹಲವು ಸಲ ಹೂ ಬಿಡುವ ಗುಣ ಚೀನಾದ ತಾಯಿಬೇರಿನಿಂದ ಬಂದದ್ದು. ಹೊಸ ಚಿಗುರು ಬಂದಾಗಲೆಲ್ಲ ಅದರ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ಕತ್ತರಿ ಹಿಡಿಯಲು ಅಂಜುವವರು ಇದನ್ನು ನೆನಪಿಡಬೇಕು.

ಬೇಕಾದ ಹೂ ಯಾವುದಕ್ಕೆ ಎಂಬುದರ ಮೇಲೆ ಗಿಡ ಆರಿಸಿ.

• ಪೂಜೆ, ಮುಡಿ, ಮಾಲೆಗೆ: ನಾಟಿ ಗುಲಾಬಿ, ಪನ್ನೀರು ಗುಲಾಬಿ. ಕಡ್ಡಿಯಿಂದಲೇ ಬರುತ್ತವೆ, ಸ್ವಂತ ಬೇರಿನವು, ಒರಟು ಆರೈಕೆಯನ್ನೂ ತಾಳುತ್ತವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಪರಿಮಳ’, ‘ಅರ್ಕಾ ಸವಿ’ ತಳಿಗಳು ಸಿಕ್ಕರೆ ಅವೂ ಬಿಡಿ ಹೂವಿಗೆ ಒಳ್ಳೆಯವು.
• ಅಂಗಳದ ಚೆಂದಕ್ಕೆ: ಗೊಂಚಲಾಗಿ ಹೂ ಬಿಡುವ ಫ್ಲೋರಿಬಂಡಾ. ಮೊದಲ ಸಲ ಗುಲಾಬಿ ಸಾಕುವವರಿಗೆ ಹೈಬ್ರಿಡ್ ಟೀಗಿಂತ ಇವು ಸುಲಭ.
• ದೊಡ್ಡ ಒಂಟಿ ಹೂವಿಗೆ: ‘ಗ್ಲಾಡಿಯೇಟರ್’ನಂಥ ಹಳೆಯ, ಬಯಲಿನಲ್ಲಿ ಪಳಗಿದ ತಳಿಗಳು.
• ಬೇಡವಾದದ್ದು: ಹೂವಿನಂಗಡಿಯಲ್ಲಿ ಉದ್ದ ದಂಟಿನೊಂದಿಗೆ ಮಾರುವ ‘ತಾಜ್ ಮಹಲ್’, ‘ಫಸ್ಟ್ ರೆಡ್’ ಮಾದರಿಯವು. ಅವನ್ನು ಹಸಿರುಮನೆಯಲ್ಲಿ ಬೆಳೆಯುತ್ತಾರೆ. ತೆರೆದ ಹಿತ್ತಲ ಗಾಳಿ, ಬಿಸಿಲಿಗೆ ಆ ಚೆಲುವು ಬರುವುದಿಲ್ಲ.

ಕೊಳ್ಳುವಾಗ ಹೂವಿನ ಮೇಲೆ ಕಣ್ಣಿಡದೆ ಬುಡ ನೋಡಿ. ಕಸಿ ಗಂಟು ಗಟ್ಟಿಯಾಗಿರಬೇಕು, ಗಂಟಿನ ಮೇಲಿನಿಂದ ಎರಡು ಮೂರು ಟೊಂಗೆ ಹೊರಟಿರಬೇಕು. ಒಂದೇ ಟೊಂಗೆಯ ತುದಿಯಲ್ಲಿ ದೊಡ್ಡ ಹೂ ಹೊತ್ತ ಗಿಡಕ್ಕಿಂತ ಹೂವಿಲ್ಲದ ಮೂರು ಟೊಂಗೆಯ ಗಿಡ ಲೇಸು.

ಮಡಿ ಕಟ್ಟುವುದು, ಗಿಡ ಹಚ್ಚುವುದು: ಹಂತ ಹಂತವಾಗಿ

1. ಜಾಗ ಗೊತ್ತು ಮಾಡಿ. ದಿನಕ್ಕೆ ಕನಿಷ್ಠ 6 ತಾಸು ಬಿಸಿಲು ಬೇಕು. ಮನೆಯ ಪೂರ್ವದಿಕ್ಕು ಉತ್ತಮ, ಬೆಳಗಿನ ಬಿಸಿಲು ಇಬ್ಬನಿಯನ್ನು ಬೇಗ ಆರಿಸುತ್ತದೆ, ಏಪ್ರಿಲ್–ಮೇ ತಿಂಗಳ ಸಂಜೆಯ ಸುಡುಬಿಸಿಲಿಗೆ ಗೋಡೆ ಅಡ್ಡವಾಗುತ್ತದೆ. ಬೇವು, ತೆಂಗಿನ ಬೇರಿನಿಂದ ದೂರವಿರಲಿ.

2. ನೀರು ಇಳಿಯುವುದನ್ನು ಪರೀಕ್ಷಿಸಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಬೇಸಿಗೆಯಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ, ಬಿರುಕುಗಳು ನೀರನ್ನು ಗಟಗಟನೆ ಕುಡಿದುಬಿಡುತ್ತವೆ. ಎರಡು ಸಲ ತುಂಬಿ ಮಣ್ಣು ಉಬ್ಬಲು ಬಿಟ್ಟು, ಮರುದಿನ ಮೂರನೆಯ ಸಲ ತುಂಬಿ ನೋಡಿ. ಸಂಜೆಯಾದರೂ ನೀರು ನಿಂತೇ ಇದ್ದರೆ ಎತ್ತರದ ಮಡಿ ಇಲ್ಲದೆ ಗುಲಾಬಿ ಬಾರದು.

3. ಮಸಾರಿ ಮಣ್ಣು ತರಿಸಿ, ತರಿಸುವ ಮೊದಲು ನೋಡಿ. ಕಲಘಟಗಿ, ಧಾರವಾಡದ ಪಶ್ಚಿಮದ ಕಡೆ ಕೆಂಪು ಮಣ್ಣು ಸಿಗುತ್ತದೆ. ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಬುರುಬುರು ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ಬೇಡ. ನಿಮ್ಮ ಹಿತ್ತಲ ಎರೆಯ ಮೇಲೂ ಇದನ್ನೇ ಮಾಡಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

4. ಮಡಿಯ ಅಳತೆ. 4 ಅಡಿ ಅಗಲ, 6 ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಮಡಿ ಐದು ಗಿಡಕ್ಕೆ ಸಾಕು. ಅಗಲ ಇದಕ್ಕಿಂತ ಹೆಚ್ಚಾದರೆ ನಡುವಿನ ಗಿಡಕ್ಕೆ ಕೈ ಎಟುಕದೆ ಮಡಿ ತುಳಿಯಬೇಕಾಗುತ್ತದೆ. ಕೆಳಗಿನ ಎರೆಯನ್ನು ಅರ್ಧ ಅಡಿ ಮಾತ್ರ ಅಗೆದು ಸಡಿಲಿಸಿ, ನಡುವೆ ಎತ್ತರ, ಅಂಚಿಗೆ ಇಳಿಜಾರು ಬರುವಂತೆ ಎಳೆಯಿರಿ. ಇಳಿದ ನೀರು ಹೊರಕ್ಕೆ ಹರಿಯಲಿ. ಸುತ್ತ ಕಲ್ಲು ಅಥವಾ ಇಟ್ಟಿಗೆಯನ್ನು ಸಿಮೆಂಟಿಲ್ಲದೆ ಜೋಡಿಸಿ, ಸಂದುಗಳೇ ನೀರಿನ ದಾರಿ.

5. ಮಣ್ಣಿನ ಮಿಶ್ರಣ. 3 ಬುಟ್ಟಿ ಮಸಾರಿ ಮಣ್ಣು, 2 ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, 1 ಬುಟ್ಟಿ ದಪ್ಪ ಉಸುಕು. ಮೇಲಿನ ಅಳತೆಯ ಮಡಿಗೆ ಒಟ್ಟು 36 ಘನ ಅಡಿ ಮಿಶ್ರಣ ಬೇಕಾಗುತ್ತದೆ: ಮಣ್ಣು 18, ಗೊಬ್ಬರ 12, ಉಸುಕು 6. ಗಿಡಕ್ಕೆ 200 ಗ್ರಾಂನಂತೆ ಬೇವಿನ ಹಿಂಡಿ ಬೆರೆಸಿ. ತುಂಬಿದ ಮೇಲೆ ನೀರು ಹೊಡೆದು ಎರಡು ವಾರ ಬಿಡಿ. ಮಣ್ಣು ಕುಸಿದಷ್ಟು ಮತ್ತೆ ತುಂಬಿ.

6. ಹಚ್ಚುವ ಕಾಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಶ್ರೇಷ್ಠ. ಮಳೆಯ ಹೊಡೆತ ತಗ್ಗಿರುತ್ತದೆ, ಮುಂದಿನ ಬೇಸಿಗೆಯ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಗಿಡ ತರುವ ರೂಢಿಯಿದ್ದರೆ, ಮಡಿಯನ್ನು ಅದಕ್ಕೂ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ.

7. ಉಂಡೆ ಸಡಿಲಿಸಿ. ಪ್ಲಾಸ್ಟಿಕ್ ಚೀಲ ಕತ್ತರಿಸಿ, ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಸಿ. ಹೊರಮೈಯ ಗಟ್ಟಿ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಉದುರಿಸಿ, ಬೇರಿನ ತುದಿಗಳು ಹೊಸ ಮಣ್ಣಿಗೆ ತಾಗುವಂತಾಗಲಿ. ಇಡೀ ಉಂಡೆ ಒಡೆಯಬೇಡಿ.

8. ಕಸಿ ಗಂಟು ಮಣ್ಣಿನಿಂದ 2 ಇಂಚು ಮೇಲಿರಲಿ. ಗಿಡದಿಂದ ಗಿಡಕ್ಕೆ ಹೈಬ್ರಿಡ್ ಟೀಗೆ ಎರಡರಿಂದ ಎರಡೂವರೆ ಅಡಿ, ಫ್ಲೋರಿಬಂಡಾಕ್ಕೆ 2 ಅಡಿ, ಮಿನಿಯೇಚರ್‌ಗೆ 1 ಅಡಿ ಅಂತರ ಸಾಕು.

9. ತಂದ ಮೊಗ್ಗುಗಳನ್ನು ಚಿವುಟಿಹಾಕಿ. ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಿ. ಮೊದಲ ತಿಂಗಳು ಗಿಡದ ಶಕ್ತಿ ಬೇರಿಗೆ ಹೋಗಲಿ.

ಮಡಿ ಕಟ್ಟಲು ಜಾಗವಿಲ್ಲದವರು 14 ಇಂಚಿನ ಕುಂಡ ಬಳಸಬಹುದು, ಮಿಶ್ರಣ ಇದೇ. ತಳದ ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ನುಣ್ಣನೆಯ ಮಣ್ಣಿನ ನೀರು ಜಲ್ಲಿಯ ಅಂಚಿಗೆ ಬಂದು ತಡೆದು ನಿಲ್ಲುತ್ತದೆ, ಬೇರಿಗೆ ಸಿಗುವ ಒಳ್ಳೆಯ ಮಣ್ಣೂ ಅಷ್ಟು ಕಡಿಮೆಯಾಗುತ್ತದೆ.

ನೀರು: ಎಷ್ಟು, ಯಾವಾಗ, ಯಾವ ನೀರು?

ವಾರ, ದಿನ ಎಣಿಸಿ ನೀರು ಹಾಕಬೇಡಿ. ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಳಗೆ ತಂಪು ತಾಗಿದರೆ ಆ ದಿನ ನೀರು ಬೇಡ. ಮಸಾರಿ ತುಂಬಿದ ಮಡಿಗೆ ಚಳಿಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಏಪ್ರಿಲ್–ಮೇಯಲ್ಲಿ ದಿನ ಬಿಟ್ಟು ದಿನ ಅಥವಾ ದಿನಾಲೂ ಬೇಕಾಗಬಹುದು. ಕುಂಡಕ್ಕೆ ಇದಕ್ಕಿಂತ ಬೇಗ. ಹಾಕಿದಾಗ ಬುಡ ಪೂರ್ತಿ ತೋಯುವಂತೆ ಹಾಕಿ. ದಿನಾ ಒಂದು ತಂಬಿಗೆ ಚಿಮುಕಿಸಿದರೆ ಬೇರು ಮೇಲ್ಮೈಯಲ್ಲೇ ಹರಡಿ ಬೇಸಿಗೆಯಲ್ಲಿ ಸುಟ್ಟುಹೋಗುತ್ತದೆ. ಬೆಳಿಗ್ಗೆ, ಬುಡಕ್ಕೆ ಮಾತ್ರ. ಸಂಜೆ ಎಲೆ ತೋಯ್ದು ರಾತ್ರಿಯಿಡೀ ಹಸಿ ಉಳಿದರೆ ಕಪ್ಪು ಚುಕ್ಕೆ ರೋಗಕ್ಕೆ ಆಹ್ವಾನ ಕೊಟ್ಟಂತೆ.

ನೀರಿನ ಗುಣವೂ ಮುಖ್ಯ. ಎರೆ ಸೀಮೆಯ ಬೋರಿನ ನೀರು ಹಲವು ಕಡೆ ಸವುಳು. ಆ ನೀರನ್ನೇ ಹಾಕುತ್ತ ಬಂದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಮಾಳಿಗೆಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಗುಲಾಬಿಗೆ ಮೀಸಲಿಡಿ, ಕೆರೆಯ ನೀರು ಸಿಕ್ಕರೆ ಅದೂ ಒಳ್ಳೆಯದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ನೀರನ್ನು ಗಿಡಕ್ಕೆ ತರುವವರಿದ್ದಾರೆ. ಶುದ್ಧೀಕರಣದಲ್ಲಿ ಬೇರ್ಪಟ್ಟ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ, ಬೋರಿನ ನೀರಿಗಿಂತ ಅದು ಕೆಟ್ಟದ್ದು.

ಬುಡಕ್ಕೆ 2 ಇಂಚು ಹೊದಿಕೆ ಹಾಸಿ. ಶೇಂಗಾ ಸಿಪ್ಪೆ, ಕಡಲೆ ಹೊಟ್ಟು, ಒಣಗಿದ ಎಲೆ, ನಮ್ಮಲ್ಲಿ ಯಾವುದಕ್ಕೂ ಬರವಿಲ್ಲ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಗೆದ್ದಲು ಕಂಡರೆ ಹೊದಿಕೆ ತೆಗೆದು ಬೇವಿನ ಹಿಂಡಿ ಉದುರಿಸಿ.

ಕತ್ತರಿ ಆಡಿಸುವುದು: ಹೂವಿನ ಗುಟ್ಟು ಇಲ್ಲಿದೆ

ಟೊಂಗೆಯ ತುದಿಯ ಮೊಗ್ಗು ತನ್ನ ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡದೆ ತಡೆದಿರುತ್ತದೆ. ತುದಿ ಕತ್ತರಿಸಿದ ಕೂಡಲೇ ಆ ತಡೆ ಹೋಗಿ ಕೆಳಗಿನ ಕಣ್ಣುಗಳು ಒಡೆಯುತ್ತವೆ. ಪ್ರತಿ ಹೊಸ ಚಿಗುರಿನ ತುದಿಗೂ ಹೂ. ಕತ್ತರಿಸದ ಗಿಡ ಒಂದೇ ಸಮನೆ ಎತ್ತರಕ್ಕೆ ಹೋಗಿ, ಕೈಗೆಟುಕದಲ್ಲಿ ಒಂದೆರಡು ಸಣ್ಣ ಹೂ ಬಿಡುತ್ತದೆ.

ನಮ್ಮ ಹವೆಗೆ ದೊಡ್ಡ ಕತ್ತರಿಕೆ ಅಕ್ಟೋಬರ್ ಎರಡನೇ ಪಾಕ್ಷಿಕದಲ್ಲಿ, ಮಳೆ ನಿಂತ ಮೇಲೆ. ಜೂನ್ ಆರಂಭದಲ್ಲಿ ಹಗುರವಾಗಿ ಒಮ್ಮೆ.

1. ಒಣಗಿದ, ರೋಗ ಹತ್ತಿದ, ಒಂದಕ್ಕೊಂದು ಉಜ್ಜುವ ಟೊಂಗೆಗಳನ್ನು ಮೊದಲು ಬುಡಕ್ಕೇ ತೆಗೆಯಿರಿ.
2. ಹೈಬ್ರಿಡ್ ಟೀಯಲ್ಲಿ ಗಟ್ಟಿಯಾದ 3ರಿಂದ 5 ಟೊಂಗೆ ಉಳಿಸಿ, ಅವನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಫ್ಲೋರಿಬಂಡಾ, ನಾಟಿ ಗುಲಾಬಿಗೆ ಮೂರನೇ ಒಂದು ಭಾಗ ತೆಗೆದರೆ ಸಾಕು. ಬಳ್ಳಿ ಗುಲಾಬಿಯಲ್ಲಿ ಮುಖ್ಯ ಬಳ್ಳಿ ಮುಟ್ಟದೆ ಪಕ್ಕದ ಕವಲು ಮಾತ್ರ ಗಿಡ್ಡ ಮಾಡಿ.
3. ಹೊರಮುಖವಾದ ಕಣ್ಣಿನ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಹೊಸ ಟೊಂಗೆ ಹೊರಕ್ಕೆ ಬಾಗಿ ಗಿಡದ ನಡುವೆ ಗಾಳಿ ಆಡುತ್ತದೆ.
4. ಕತ್ತರಿಸಿದ ದಪ್ಪ ತುದಿಗಳಿಗೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತ ಬರುವ ರೋಗ ಈ ಗಾಯಗಳಿಂದಲೇ ನುಸುಳುತ್ತದೆ.
5. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರು ಕಾಡುಬೇರಿನದು. ಅದನ್ನು ಮೇಲಿನಿಂದ ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಿರಿ.

ಕತ್ತರಿಸಿದ 45ರಿಂದ 60 ದಿನಕ್ಕೆ ಹೂ. ಚಳಿ ಹೆಚ್ಚಿದ್ದರೆ ಇನ್ನೂ ಕೆಲವು ದಿನ ತಡ. ಸಂಕ್ರಾಂತಿಗೆ ಮಡಿ ತುಂಬ ಹೂ ಬೇಕೆಂದರೆ ನವೆಂಬರ್ ಮೂರನೇ ವಾರ ಕತ್ತರಿಸಿ. ಮನೆಯಲ್ಲಿ ಜನವರಿ ಕೊನೆಗೆ ಮದುವೆಯಿದ್ದರೆ ಡಿಸೆಂಬರ್ ಮೊದಲ ವಾರ. ನಡುವೆ ಬಾಡಿದ ಹೂಗಳನ್ನು ಐದೆಲೆಯ ಮೊದಲ ಗರಿಯ ಮೇಲಕ್ಕೆ ಕತ್ತರಿಸುತ್ತಿರಿ. ಹೂ ಗಿಡದಲ್ಲೇ ಒಣಗಿ ಕಾಯಿ ಕಟ್ಟಿದರೆ ಗಿಡ ಬೀಜದ ಕೆಲಸಕ್ಕೆ ತೊಡಗುತ್ತದೆ, ಮುಂದಿನ ಹೂ ತಡವಾಗುತ್ತದೆ.

ಗೊಬ್ಬರವನ್ನು ಕತ್ತರಿಸಿದ ಬೆನ್ನಿಗೇ ಕೊಡಿ: ಗಿಡಕ್ಕೆ 2ರಿಂದ 3 ಕಿಲೋ ಕಳಿತ ತಿಪ್ಪೆಗೊಬ್ಬರ, 100 ಗ್ರಾಂ ಬೇವಿನ ಹಿಂಡಿ. ಚಿಗುರು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಶೇಂಗಾ ಹಿಂಡಿಯ ನೀರು ಕೊಡಬಹುದು. 100 ಗ್ರಾಂ ಹಿಂಡಿಯನ್ನು 1 ಲೀಟರ್ ನೀರಲ್ಲಿ ಮೂರು ನಾಲ್ಕು ದಿನ ನೆನೆಸಿ, ಅದಕ್ಕೆ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಿ.

ಎಲೆ ನೋಡಿ ಕಾಯಿಲೆ ಗುರುತಿಸಿ

• ಹೊಸ ಎಲೆ ಹಳದಿ, ನರ ಹಸಿರು: ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ, ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಹಾಕುವುದಾದರೆ ಇ.ಡಿ.ಡಿ.ಎಚ್.ಎ. ಎಂದು ನಮೂದಿಸಿದ ಕಬ್ಬಿಣದ ಚೀಲೇಟ್ ಕೇಳಿ. ಸುಣ್ಣದ ಮಣ್ಣಿನಲ್ಲಿ ಇ.ಡಿ.ಟಿ.ಎ. ಬಗೆಯದು ನಿಲ್ಲುವುದಿಲ್ಲ.
• ಹಳೆಯ ಎಲೆ ಒಂದೇ ಸಮ ಹಳದಿ: ಸಾರಜನಕ ಸಾಲದು, ಗೊಬ್ಬರ ಬೇಕು.
• ಮಣ್ಣು ಹಸಿಯಿದ್ದರೂ ಗಿಡ ಜೋತುಬಿದ್ದಿದೆ: ಬೇರು ಉಸಿರುಗಟ್ಟಿದೆ. ಬಾಡಿದೆ ಎಂದು ಮತ್ತೆ ನೀರು ಹಾಕಬೇಡಿ.
• ಎಲೆ ಮೇಲೆ ಅಂಚು ಕದಡಿದ ಕಪ್ಪು ಚುಕ್ಕೆ, ಸುತ್ತ ಹಳದಿ: ಕಪ್ಪು ಚುಕ್ಕೆ ರೋಗ. ಎಲೆ ಏಳೆಂಟು ತಾಸು ಒದ್ದೆಯಿದ್ದರೆ ಶಿಲೀಂಧ್ರ ಒಳಹೋಗುತ್ತದೆ. ಉದುರಿದ ಎಲೆ ಆರಿಸಿ ಸುಡಿ, ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಸಿಂಪಡಿಸಿ.
• ಚಿಗುರು, ಮೊಗ್ಗಿನ ಮೇಲೆ ಬಿಳಿ ಹಿಟ್ಟು: ಬೂದಿ ರೋಗ. ಹಗಲು ಒಣಹವೆ, ರಾತ್ರಿ ಚಳಿಯಿರುವ ನವೆಂಬರ್–ಫೆಬ್ರುವರಿಯಲ್ಲಿ ಹೆಚ್ಚು. ಲೀಟರಿಗೆ 2 ಗ್ರಾಂ ನೀರಲ್ಲಿ ಕರಗುವ ಗಂಧಕ.
• ಎಲೆಯ ಅಡಿ ಧೂಳಿನಂಥ ನುಸಿ, ನವಿರಾದ ಬಲೆ: ಕೆಂಪು ನುಸಿ, ಬೇಸಿಗೆಯ ಬಾಧೆ. ಬೆಳಿಗ್ಗೆ ಎಲೆಯ ಕೆಳಮೈಗೆ ಪೈಪಿನಿಂದ ರಭಸವಾಗಿ ನೀರು ಹೊಡೆಯುವುದು ಮೊದಲ ಮದ್ದು. ಸಿಕ್ಕ ಕೀಟನಾಶಕ ಹೊಡೆದರೆ ನುಸಿ ತಿನ್ನುವ ಮಿತ್ರಕೀಟಗಳು ಸತ್ತು ನುಸಿ ಇಮ್ಮಡಿಸುತ್ತದೆ.
• ಚಿಗುರು ಮುರುಟಿ, ಮೊಗ್ಗಿನ ಅಂಚು ಕಂದಿ, ಹೂ ಅರ್ಧ ಅರಳಿ ನಿಲ್ಲುವುದು: ಥ್ರಿಪ್ಸ್.

ಥ್ರಿಪ್ಸ್ ಬಗ್ಗೆ ನಮ್ಮವರು ಹೆಚ್ಚು ಎಚ್ಚರದಿಂದಿರಬೇಕು. ಮೆಣಸಿನ ಗಿಡದಲ್ಲಿ ಎಲೆ ಮುರುಟಿಸುವ ಥ್ರಿಪ್ಸೇ ಗುಲಾಬಿಗೂ ಬರುತ್ತದೆ. ಸುತ್ತಲಿನ ಹೊಲದ ಮೆಣಸಿನ ಗಿಡ ಒಣಗತೊಡಗಿದಾಗ ಅದು ಹಸಿರು ಹುಡುಕಿಕೊಂಡು ಹಿತ್ತಲಿಗೆ ಹಾರುತ್ತದೆ. ಆ ದಿನಗಳಲ್ಲಿ ಬಿಳಿ ಹಾಳೆಯ ಮೇಲೆ ಹೂ ಕೊಡವಿ ನೋಡುತ್ತಿರಿ. ಸಣ್ಣ ಕಡ್ಡಿಯಂಥ ಹುಳು ಓಡಾಡಿದರೆ ಹಾಳಾದ ಮೊಗ್ಗು ಕಿತ್ತು ಸುಟ್ಟು, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ನೀಲಿ ಅಂಟುಹಾಳೆ ಕಟ್ಟಿದರೆ ಹುಳು ಬಂದ ಸುಳಿವು ಮೊದಲೇ ಸಿಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಒಲೆ ಬೂದಿ, ಮೊಟ್ಟೆ ಸಿಪ್ಪೆ ಹಾಕುವುದು. ಎರಡೂ ಸುಣ್ಣದ ಬಳಗ. ಹುಳಿ ಮಣ್ಣಿನ ಮಲೆನಾಡು, ಕರಾವಳಿಯಲ್ಲಿ ಉಪಕಾರಿ, ಎರೆಯಲ್ಲಿ ಇದ್ದ ತೊಂದರೆಯನ್ನು ಹೆಚ್ಚಿಸುತ್ತವೆ.
2. ಎಲುಬಿನ ಪುಡಿ. ರಸಸಾರ 7 ದಾಟಿದ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ. ದುಡ್ಡು ದಂಡ.
3. ಹೊಲಕ್ಕೆ ತಂದ ಡಿಎಪಿಯಲ್ಲಿ ಒಂದು ಮುಷ್ಟಿ. ರಂಜಕ ಹೆಚ್ಚಾದರೆ ಕಬ್ಬಿಣ, ಸತುವು ಗಿಡಕ್ಕೆ ಇನ್ನಷ್ಟು ದಕ್ಕದಂತಾಗುತ್ತದೆ. ಮುಷ್ಟಿ ಯೂರಿಯಾದಿಂದ ಬರುವ ಮೆತ್ತನೆಯ ಚಿಗುರು ಬೂದಿ ರೋಗಕ್ಕೂ ಕೀಟಕ್ಕೂ ಪ್ರಿಯ.
4. ಬಚ್ಚಲ ನೀರಿನ ದಾರಿಯಲ್ಲಿ ಹಚ್ಚುವುದು. ಸಾಬೂನು, ಬಟ್ಟೆ ಪುಡಿಯಲ್ಲಿನ ಸೋಡಿಯಂ ಎರೆಯನ್ನು ಇನ್ನೂ ಅಂಟು ಮಾಡುತ್ತದೆ, ಇಳಿಯುವ ಅಷ್ಟಿಷ್ಟು ನೀರೂ ಇಳಿಯದು. ಆ ಜಾಗ ಬಾಳೆ, ಕೆಸುವಿಗಿರಲಿ.
5. ಎರೆಗೆ ಎರಡು ಬುಟ್ಟಿ ಉಸುಕು ಬೆರೆಸಿ ಸಡಿಲವಾಯಿತೆಂದು ತಿಳಿಯುವುದು. ಸ್ವಲ್ಪ ಉಸುಕು ಬಿದ್ದ ಎರೆ ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಎರೆಯನ್ನು ಸಡಿಲಿಸುವುದು ಗೊಬ್ಬರ, ಅದೂ ವರ್ಷಗಟ್ಟಲೆ ಹಾಕಿದ ಮೇಲೆ.
6. ಹಸಿ ಸಗಣಿ ಬುಡಕ್ಕೆ ಹಾಕುವುದು. ಕಳಿಯುವಾಗ ಬಿಸಿಯಾಗಿ ಬೇರು ಸುಡುತ್ತದೆ, ಗೊಣ್ಣೆಹುಳು, ಗೆದ್ದಲು ಸೇರುತ್ತವೆ.

ಎಚ್ಚರಿಕೆ

• ಹೊಲದಲ್ಲಿ ಕಳೆನಾಶಕ ಹೊಡೆದ ಪಂಪನ್ನು ಗುಲಾಬಿಗೆ ಬಳಸಬೇಡಿ. 2,4–ಡಿಯ ಅಂಶ ಸ್ವಲ್ಪವೇ ಉಳಿದಿದ್ದರೂ ಹತ್ತಿಯ ಎಲೆ ವಿಕಾರವಾಗುವುದನ್ನು ನೀವು ಕಂಡಿದ್ದೀರಿ, ಗುಲಾಬಿಗೂ ಅದೇ ಗತಿ. ಹಿತ್ತಲಿಗೆ ಬೇರೆಯೇ ಸಣ್ಣ ಕೈಪಂಪು ಇಟ್ಟುಕೊಳ್ಳಿ.
• ಗಂಧಕ ಮತ್ತು ಬೇವಿನ ಎಣ್ಣೆಯ ನಡುವೆ ಎರಡು ವಾರ ಅಂತರವಿರಲಿ. ಬಿಸಿಲು ಜೋರಿದ್ದಾಗ ಎರಡೂ ಬೇಡ, ಎಲೆ ಸುಡುತ್ತದೆ.
• ಔಷಧ ಹೊಡೆಯುವಾಗ ಕೈಗವಸು, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಜೇನುನೊಣ ಹಾರಾಡುವ ಹೊತ್ತು ಬಿಟ್ಟು ಸಂಜೆ ಹೊಡೆಯಿರಿ. ಡಬ್ಬಿಗಳು ಮಕ್ಕಳ ಕೈಗೆ ಸಿಗದಿರಲಿ.
• ಗುಲ್ಕಂದಕ್ಕೆ, ತಿನಿಸಿಗೆ ಬಳಸುವ ಗಿಡಕ್ಕೆ ರಾಸಾಯನಿಕ ಹೊಡೆಯಲೇಬೇಡಿ. ಅದಕ್ಕಾಗಿ ಒಂದು ನಾಟಿ ಗಿಡವನ್ನು ಬೇರೆಯಾಗಿ ಬೆಳೆಸಿ.
• ಮುಳ್ಳು ಆಳವಾಗಿ ಚುಚ್ಚಿದರೆ ತೊಳೆದು, ಧನುರ್ವಾಯು ಚುಚ್ಚುಮದ್ದು ಹಳೆಯದಾಗಿದ್ದರೆ ವೈದ್ಯರನ್ನು ಕಾಣಿ.

ವರ್ಷದ ಕೆಲಸ

• ಜೂನ್: ಹಗುರ ಕತ್ತರಿಕೆ, ಮಡಿಯ ಸಂದುಗಳು ಮುಚ್ಚಿಲ್ಲವೇ ನೋಡುವುದು. ನಾಟಿ ಗುಲಾಬಿಯ ಪೆನ್ಸಿಲ್ ದಪ್ಪದ, 6ರಿಂದ 8 ಇಂಚಿನ ಕಡ್ಡಿ ನೆಡುವುದು.
• ಜುಲೈ–ಸೆಪ್ಟೆಂಬರ್: ನೀರು ನಿಲ್ಲದಂತೆ ಕಾಯುವುದು, ಕಪ್ಪು ಚುಕ್ಕೆಯ ಎಲೆ ಆರಿಸುವುದು. ಮಳೆಯಲ್ಲಿ ಗೊಬ್ಬರ ಬೇಡ.
• ಅಕ್ಟೋಬರ್–ನವೆಂಬರ್: ದೊಡ್ಡ ಕತ್ತರಿಕೆ, ಗೊಬ್ಬರ, ಹೊಸ ಗಿಡ ಹಚ್ಚುವುದು.
• ಡಿಸೆಂಬರ್–ಫೆಬ್ರುವರಿ: ಹೂವಿನ ಸುಗ್ಗಿ. ಬೂದಿ ರೋಗ, ಥ್ರಿಪ್ಸ್ ಮೇಲೆ ಕಣ್ಣು.
• ಮಾರ್ಚ್–ಮೇ: ಹೊದಿಕೆ ದಪ್ಪ ಮಾಡುವುದು, ನುಸಿಗೆ ನೀರಿನ ಹೊಡೆತ, ಪಶ್ಚಿಮಕ್ಕೆ ನೆರಳು. ಈ ಕಾಲದಲ್ಲಿ ಹೂ ಸಣ್ಣದಾಗುವುದು ಸಹಜ, ಗೊಬ್ಬರ ಸುರಿದು ಒತ್ತಾಯಿಸಬೇಡಿ.

ಈಗಾಗಲೇ ಸೊರಗಿದ ಗಿಡವಿದ್ದರೆ

ಎಸೆಯುವ ಮೊದಲು ಟೊಂಗೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಅಕ್ಟೋಬರ್ ತಂಪಿನಲ್ಲಿ ಟೊಂಗೆಗಳನ್ನು ಅರ್ಧಕ್ಕೆ ಕತ್ತರಿಸಿ, ಸುತ್ತ ಒಂದಡಿ ಬಿಟ್ಟು ಮಣ್ಣಿನ ಸಮೇತ ಎತ್ತಿ. ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿಹಾಕಿ, ಬಿಳಿ, ಕಂದು ಗಟ್ಟಿ ಬೇರು ಉಳಿಸಿ. ಅಂಟಿದ ಎರೆಯನ್ನು ನೀರಲ್ಲಿ ತೊಳೆದು ಹೊಸ ಮಡಿಗೆ ಸಾಗಿಸಿ, ಮೊದಲ ಎರಡು ವಾರ ನೆರಳು ಮಾಡಿ. ಜೊತೆಗೆ ಹಿತ್ತಲಿನ ಅರ್ಧ ಕಿಲೋ ಮಣ್ಣನ್ನೂ, ಒಂದು ಬಾಟಲಿ ಬೋರಿನ ನೀರನ್ನೂ ಪರೀಕ್ಷೆಗೆ ಕೊಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಹೊಸ ಗಿಡಕ್ಕೆ ದುಡ್ಡು ಹಾಕುವ ಮೊದಲು ಹಳೆಯ ಗಿಡದ ಬೇರು ನೋಡಿ. ಕೊಳೆತಿದ್ದರೆ ಮಡಿ ಎತ್ತರಿಸಿ, ಬೇರು ಚೆನ್ನಾಗಿದ್ದೂ ಎಲೆ ಹಳದಿಯಾಗಿದ್ದರೆ ಮಣ್ಣು ಬದಲಿಸಿ, ಎಲೆಯ ಅಂಚು ಸುಟ್ಟಿದ್ದರೆ ನೀರು ಬದಲಿಸಿ.